ಏಳನೇ ಅಟ್ಟಿ ಆರಾದದ್ದು

ಸುಲೇಪೇಟಕ್ಕೆ ಲಾರಿ ಹೋದದ್ದಕ್ಕೆ ಒಂದು ಬಾಡಿಗೆ ತೆತ್ತೆ, ತಿರುಗಿ ಬಂದದ್ದಕ್ಕೆ ಇನ್ನೊಂದು. ಕಲ್ಲು ಏರಿಸಿದ್ದಕ್ಕೆ ಕೂಲಿ, ಅದೇ ಕಲ್ಲು ಇಳಿಸಿದ್ದಕ್ಕೂ ಕೂಲಿ. ಕೊತ್ತಂಬರಿ ಕೊಳ್ಳುವಾಗಲೂ ಚೌಕಾಶಿ ಬಿಡದ ನಾನು ಇಷ್ಟೆಲ್ಲ ಕಳೆದುಕೊಂಡದ್ದು ಕಂಪ್ಯೂಟರ್ ತೋರಿಸಿದ ಏಳು ಎಂಬ ಅಂಕಿಯನ್ನು ನಂಬಿ. ಮನುಷ್ಯ ಮಾತು ಬದಲಿಸುತ್ತಾನೆ, ಅದು ವ್ಯಾಪಾರ, ನಾನೂ ಬದಲಿಸಿದ್ದೇನೆ. ಅಂಕಿಯೇ ಬದಲಿಸಿದರೆ ಯಾರಿಗೆ ದೂರುವುದು?

ಶಹಾಬಾದಿನಲ್ಲಿ ನನ್ನದೊಂದು ಅಂಗಡಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನದು. ಬಯಲಿನಲ್ಲಿ ಒಂದರ ಮೇಲೊಂದು ಪೇರಿಸಿದ ಕಲ್ಲಿನ ಅಟ್ಟಿಗಳು, ಒಳಗೆ ಅವುಗಳ ಪಟ್ಟಿ ಇರುವ ಕಂಪ್ಯೂಟರ್. ಗಿರಾಕಿ ಅಟ್ಟಿ ಆರಿಸಿದರೆ ಚೀಟಿಯಲ್ಲಿ ಪರದೆಯ ಮೇಲಿನ ಅದರ ನಂಬರ್ ಮಾತ್ರ ಬರೆದುಕೊಡುವುದು ನನ್ನ ಪದ್ಧತಿ. ಅಳತೆ, ಜಾತಿ ಬರೆದರೆ ಅವನು ಅದೇ ಚೀಟಿ ಹಿಡಿದು ವಾಡಿ ಊರಿನ ಅಂಗಡಿಗಳಿಗೆ ಹೋಗಿ ದರ ಕೇಳುತ್ತಾನೆ. ಸುಲೇಪೇಟದ ಮಾಣಿಕಪ್ಪನಿಗೂ ಪಾಲಿಶ್ ಕಲ್ಲಿಗೆ ‘ಏಳು’ ಎಂದಷ್ಟೇ ಬರೆದುಕೊಟ್ಟಿದ್ದೆ. ಎರಡು ದಿನ ಬಿಟ್ಟು ಹಮಾಲರು “ಏಳು ಯಾವ್ದು?” ಎಂದು ಕೇಳಿದರು. ಲೆಕ್ಕ ನೋಡುವ ಶಬಾನಾ ಪರದೆ ನೋಡಿ, ಗೇಟಿನ ಹತ್ತಿರದ್ದು ಎಂದಳು. ಸಂಜೆ ಮಾಣಿಕಪ್ಪನ ಫೋನು.

“ಸಾವ್ಕಾರ್ರೆ, ನಾ ಪಡಸಾಲಿಗಿ ಕಲ್ಲ ಕೇಳೀನಿ, ನೀವು ಎಮ್ಮಿ ಕಟ್ಟೋ ಕಲ್ಲ ಕಳ್ಸೀರಿ. ಎಮ್ಮೀನೂ ನೀವೇ ಕಳಸ್ತೀರೇನು?”

ನನಗೆ ತಲೆ ಕೆಟ್ಟಿತು. ಹಮಾಲರೆಲ್ಲ ನಿಂತಿದ್ದಾಗಲೇ ಶಬಾನಾಳ ಮೇಲೆ ಹರಿಹಾಯ್ದೆ. “ಈ ಮಿಷನ್ ಮುಟ್ಟಾಕಿ ನೀ ಒಬ್ಬಾಕಿ. ನಂಬರ್ ತಿದ್ದಾಕಿನೂ ನೀನೇ.”

ಅವಳು ಅಂಗಡಿಯ ಬೀಗದಕೈ ಮೇಜಿನ ಮೇಲಿಟ್ಟಳು. “ನಾ ತಿದ್ದೀನಿ ಅಂತ ಅದರಾಗ ಕಂಡ್ರ ನಾಳಿಂದ ಬರಂಗಿಲ್ರಿ. ಕಾಣ್ಲಿಲ್ಲಂದ್ರ ನೀವೇನು ಮಾಡ್ತೀರಿ, ಅದು ಹೇಳ್ರಿ.”

ಪ್ರೋಗ್ರಾಂ ಬರೆದುಕೊಟ್ಟ ಚಿತ್ತಾಪುರದ ರವಿಯನ್ನು ಕರೆಸಿದೆ. ಪಟ್ಟಿಯನ್ನೆಲ್ಲ ಇಟ್ಟುಕೊಂಡಿರುವ ಡೇಟಾಬೇಸಿಗೆ ಯಾರು ಏನು ಹೇಳಿದರೂ ಬರೆದಿಡುವ ಲಾಗ್ ಎಂಬುದೊಂದು ಇದೆಯಂತೆ. ಅದನ್ನು ಚಾಲೂ ಮಾಡಿದ. ಪರೀಕ್ಷೆಗೆಂದು ಶಬಾನಾ ಒಂದು ಅಟ್ಟಿ ಮಾರಾಟವಾಯಿತೆಂದು ನಮೂದಿಸಿದಳು. ನಮ್ಮ ಕಣ್ಣೆದುರೇ ಕೆಳಗಿನ ನಂಬರುಗಳೆಲ್ಲ ಬದಲಾದವು. ಲಾಗಿನ ಫೈಲ್ ತೆಗೆದರೆ ಖಾಲಿ.

“ಖಾಲಿ ಫೈಲಿಗಿ ನಾ ರೊಕ್ಕ ಕೊಡಬೇಕೇನೋ?”

“ತಡೀರಿ ಕಾಕಾ. ಬರೀಲಿಕತ್ತದ, ಆದ್ರ ಫೈಲ್‌ದಾಗಲ್ಲ, ಡೇಟಾಬೇಸಿನ ಒಳಗೇ ಇನ್ನೊಂದ್ ಕಡಿ. ಸೆಟ್ಟಿಂಗ್ ಹಂಗದ.”

ಅದೂ ಸಿಕ್ಕಿತು. ನೋಡಿದರೆ ಒಂದು ಅಟ್ಟಿ ಮಾರಿದ್ದು, ಪಟ್ಟಿ ತೋರಿಸು ಎಂದದ್ದು, ಅಷ್ಟೇ. ನಂಬರ್ ತಿದ್ದಿದ ಸುಳಿವೇ ಇಲ್ಲ.

“ನಂಬರ್ ಎಲ್ಲೀನೂ ಬರದಿಟ್ಟಿಲ್ಲ ಕಾಕಾ. ಪಟ್ಟಿ ತೆಗದಾಗೆಲ್ಲ ಮ್ಯಾಲಿಂದ ಒಂದು, ಎರಡು ಅಂತ ಹೊಸದಾಗಿ ಎಣಸ್ತದ. ಮ್ಯಾಲಿಂದೊಂದು ಮಾರಿದ್ರ ಏಳು ಆರಾಗ್ತದ, ಎಂಟು ಏಳಾಗ್ತದ.”

ಚೀಟಿ ಬರೆದ ಮೇಲಿನ ಎರಡು ದಿನದಲ್ಲಿ ಮೇಲಿನದೊಂದು ಅಟ್ಟಿ ಮಾರಿಹೋಗಿತ್ತು; ಮಾಣಿಕಪ್ಪನ ಏಳು ಆರಾಗಿ, ಎಮ್ಮೆ ಕಟ್ಟುವ ಎಂಟು ಏಳಾಗಿ ಕೂತಿತ್ತು. ಇದೆಂಥ ಅನ್ಯಾಯ ಹೇಳಿ. ಸೇಡಂ ಬಸ್ಸಿನ ಸರತಿಯಲ್ಲಿ ಮುಂದಿನವನು ಬಿಟ್ಟುಹೋದರೆ ಹಿಂದಿನವನು ಒಂದು ಹೆಜ್ಜೆ ಸರಿಯುತ್ತಾನೆ, ಹೆಸರೇನೂ ಬದಲಿಸಿಕೊಳ್ಳುವುದಿಲ್ಲ. ಹಾಗೆಂದು ರೇಗಿದೆ. ರವಿ ತಣ್ಣಗೆ, “ಅದಕ್ಕೇ ಅಟ್ಟಿಗೆ ಬ್ಯಾರೆ ಕಾಯಂ ನಂಬರ್ ಕೊಡ್ರಿ. ಇದು ಬರೀ ಸಾಲಿನ ಎಣಿಕಿ” ಎಂದ. ಈ ಮಾತನ್ನು ಮೊದಲೇ ಹೇಳಲು ಇವನಿಗೇನಾಗಿತ್ತು?

ಇತ್ತ ಶಬಾನಾ ಬೀಗದಕೈ ಮುಟ್ಟದೆ ಕೂತಿದ್ದಳು. ಅವಳು ಹೋದರೆ ನನ್ನ ಅಂಗಡಿಯ ಅರ್ಧ ತಲೆ ಹೋದಂತೆ. ಮಾತು ಶುರುಮಾಡಿದೆ.

“ಚಹಾ ತರಸ್ತೀನಿ, ಕುಡಿ.”

“ಚಹಾ ಆಮ್ಯಾಲೆ.”

“ನಾಳಿ ರಜಾ ತಗೋ.”

“ನನ್ನ ರಜಾ ನನಗ ಅದಾವ್ರಿ. ಮಂದಿ ಮುಂದ ಅಂದೀರಿ, ಮಂದಿ ಮುಂದೇ ಹೇಳ್ರಿ. ಇದರಾಗ ಚೌಕಾಶಿ ಇಲ್ಲ.”

ಹಮಾಲರನ್ನು ಕರೆಸಿ, ತಪ್ಪು ನನ್ನದು, ಶಬಾನಾಳದ್ದಲ್ಲ ಎಂದೆ. ಅವರಲ್ಲಿ ಹಿರಿಯನಾದ ಸಾಬಣ್ಣ ಕಿವಿಗೆ ಕೈ ಹಚ್ಚಿದ. “ಕೇಳಸಲಿಲ್ರಿ ಸಾವ್ಕಾರ್ರೆ, ಜರಾ ಜೋರ ಹೇಳ್ರಿ.” ಜೋರಾಗಿ ಹೇಳಿದೆ. ಶಬಾನಾ ಬೀಗದಕೈ ಎತ್ತಿಕೊಂಡಳು.

ಆದ್ದರಿಂದ ಓದುಗರೇ, ಅಂಗಡಿಗೆ ಕಂಪ್ಯೂಟರ್ ತರುವವರು ಕೇಳಿರಿ. ಪ್ರತಿ ವಸ್ತುವಿಗೂ ಕಾಯಂ ನಂಬರ್ ಕೊಡಿಸಿ, ಪರದೆಯ ಸಾಲೆಣಿಕೆಯನ್ನು ಯಾವ ಚೀಟಿಗೂ ಇಳಿಸಬೇಡಿ. ಲಾಗ್ ಚಾಲೂ ಇಡಿ, ಅದು ಎಲ್ಲಿ ಬರೆಯುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಇಷ್ಟಾದರೂ ಯಾರನ್ನಾದರೂ ಬೈಯಲೇಬೇಕೆನಿಸಿದರೆ ಒಳಗೆ ಕರೆದು, ಬಾಗಿಲು ಹಾಕಿಕೊಂಡು ಬೈಯಿರಿ. ಆ ಬೈಗುಳ ವಾಪಸು ತೆಗೆದುಕೊಳ್ಳುವ ಕಾಲ ಬಂದಾಗ ಬಹಳ ಅಗ್ಗ ಬೀಳುತ್ತದೆ.