ಹಡಗಿನ ಸೇಬು, ಬೆಳ್ಳಟ್ಟಿ ಪೇರಲ

ನಮ್ಮ ಬೆಟಗೇರಿ ಓಣ್ಯಾಗ ಹೊರದೇಶದ ಹಣ್ಣಿನ ಅಂಗಡಿ ಆದಾಗಿಂದ, ಬಾಗಲಾ ತೆಗದ್ರ ಸಾಕು, ಒಂದಲ್ಲ ಒಂದು ತಮಾಷೆ ಕಣ್ಣಿಗೆ ಬೀಳತೈತಿ. ನಾ ಚಾಡಿ ಹೇಳಾಕತ್ತಿಲ್ಲ, ಕಂಡದ್ದು ಹೇಳಾಕತ್ತೀನಿ.

ದೇವರ ಸೇಬು

ಬಾಜೂಮನಿ ಮಾಸ್ತರ ಹೆಂಡ್ತಿ ಸೇಬು ತಂದು, ಸ್ಟಿಕರ್ ಸಮೇತ ದೇವರ ಮುಂದ ಇಟ್ಟಿದ್ಲು.

"ಅದನ್ನರ ಕೀಳವಾ," ಅಂದೆ.

"ಇರಲಿ ಬಿಡ್ರಿ. ಪರದೇಶದ್ದು ತಂದೇನಂತ ದೇವರಿಗೆ ಹೆಂಗ ಗೊತ್ತಾಗಬೇಕು?"

ದವಾಖಾನಿ

ಎದುರುಮನಿ ಕಾಕುನ ಮಗ್ಗ ನಿಂತು ಭಾಳ ದಿನ ಆತು. ಬುಟ್ಟಿ ಹೊತ್ತು ಪೇರಲಹಣ್ಣು ಮಾರಿ ಮನಿ ನಡಸ್ತಾಳ. ಆ ಅಂಗಡಿ ಬಂದಿಂದ ತುಂಬಿದ ಬುಟ್ಟಿ ತುಂಬಿದಂಗ ವಾಪಸ್ ಬರತೈತಿ. ಅದರಾಗ ಕಾಕಾ ಜ್ವರ ಬಂದು ದವಾಖಾನಿ ಸೇರಿದ. ನೋಡಾಕ ಬಂದವರೆಲ್ಲಾ ಕಿವಿಹಣ್ಣು ತಂದ್ರು. ಪೇರಲ ಮಾರಾಕಿ ಗಂಡಗ!

"ಇದೊಂದು ವಾರ ನೋಡಿ, ಬುಟ್ಟಿ ಅಟ್ಟಕ್ಕ ಒಗದು ಬಿಡ್ತೀನಿ," ಅಂತ ಕಾಕು ಸೆರಗಿಲೆ ಕಣ್ಣು ಒರಸ್ಕೊಂಡ್ಲು.

ಕಾಕಾ ಮಾತ್ರ ಕಿವಿಹಣ್ಣಿನ ಕೂದಲದ ಮ್ಯಾಲೆ ಕೈ ಆಡಿಸಿ, "ತರೂದು ತಂದಾರ, ಬೋಳಿಸ್ಕೊಂಡರ ತರಬಾರದೇನು?" ಅಂದ.

ನಿಶ್ಚಯದ ತಾಟು

ಅದs ವಾರ ಮಾಸ್ತರ ಮಗಳ ನಿಶ್ಚಯ. ಲಕ್ಷ್ಮೇಶ್ವರದ ಬೀಗರು ಮೊದಲs ಹೇಳಿ ಕಳಿಸಿದ್ರು, ತಾಟಿನ್ಯಾಗ ಹೊರದೇಶದ ಹಣ್ಣs ಇರಬೇಕಂತ. ಅವತ್ತs ಅಂಗಡಿಯಾಂವ, "ಹಡಗು ಬಂದಿಲ್ರಿ, ಮಾಲಿಲ್ಲ," ಅಂದ. ಸುತ್ತಾ ಹೊಲ ಇದ್ದ ಊರಾಗ, ಹಡಗು ಬರಲಿಲ್ಲಂತ ತಾಟು ಖಾಲಿ!

ಮಾಸ್ತರ ಹೆಂಡ್ತಿ ಅಳಕೋತ ಬಂದು ಕಾಕುನ ಬುಟ್ಟಿನs ತಗೊಂಡ್ಲು. ಹಣಿಗೆ ಹಚ್ಚೂ ಟಿಕಳಿ ಒಂದೊಂದು ಪೇರಲಕ್ಕ ಸ್ಟಿಕರ್ ಹಂಗ ಅಂಟಿಸಿ ತಾಟಿಗೆ ಜೋಡಿಸಿದ್ಲು.

ಬೀಗತಿ ಒಂದು ಕಚ್ಚಿ, "ಆಹಾ! ಹೊರದೇಶದ್ದಂದ್ರ ರುಚೀನs ಬ್ಯಾರೆ," ಅಂದ್ಲು.

ಬಾಗಲದಾಗ ನಿಂತಿದ್ದ ಕಾಕುಗ ತಡಿಯಾಕಾಗಲಿಲ್ಲ. "ಇಲ್ಲೇ ಬೆಳ್ಳಟ್ಟಿ ಹಳ್ಳಿದು ಐತ್ರೀ ಅಕ್ಕಾರ. ನಾನs ಹೊತ್ತು ತಂದೀನಿ."

ಮಾಸ್ತರ ಹೆಂಡ್ತಿ ಮಾರಿ ಸುಣ್ಣ ಆತು.

ಬೀಗತಿ ಟಿಕಳಿ ಕಿತ್ತು ನೋಡಿದ್ಲು. "ಬೆಳ್ಳಟ್ಟಿ ನನ್ನ ತವರಮನಿ. ನಮ್ಮಣ್ಣ ಪ್ರತಿ ವರ್ಷ ಇವನ್ನs ಚೀಲ ತುಂಬಿ ಕಳಸ್ತಾನ," ಅಂತ ಎರಡನೇದಕ್ಕ ಕೈ ಹಾಕಿದ್ಲು. "ಕಾಕು, ಲಗ್ನಕ್ಕೂ ನೀವs ತಂದು ಕೊಡ್ರಿ. ಆಮ್ಯಾಲೂ ನಮ್ಮ ಮನಿಗೆ ತಪ್ಪಿಸಬ್ಯಾಡ್ರಿ."

ಕಾಕು ಮಾರಿ ಅರಳಿತು. ನಾ ಸುಮ್ನ ಕುಂಡ್ರಾಕಿ ಅಲ್ಲ. "ಅಣ್ಣಾರು ಫುಕಟ ಕಳಸ್ತಾರಲ್ರೀ, ಮತ್ತ ಕೊಳ್ಳೂದ್ಯಾಕ?" ಅಂದೆ.

"ಫುಕಟ ಬಂದವು ಎಮ್ಮಿಗೆ ಹಾಕ್ತೀವಲ್ರೀ!"