ಬೆನ್ನಿನ ಮೇಲೊಂದು ಕಾನೂನು

'ಟಕ್' ಎಂದು ಒಂದು ಸಣ್ಣ ಸದ್ದಾಯಿತು. ಅಂಬ್ರಪ್ಪನ ಅಂದಿನ ಗ್ರಹಚಾರ ಶುರುವಾದದ್ದೇ ಆ ಸದ್ದಿನಿಂದ.

ಸದ್ದು ಮಾಡಿದವಳು ಅವನ ಹೆಂಡತಿ ರೇಣಮ್ಮ. ಶಾಲಾ ಶಿಕ್ಷಕಿಯಾದ ಆಕೆ ಯಾದಗಿರಿಗೆ ಹೋಗಿ ರಸ್ತೆ ಸುರಕ್ಷತೆಯ ತರಬೇತಿ ಪಡೆದು ಬಂದಿದ್ದಳು. ಉಳಿದ ಶಿಕ್ಷಕರು ಉಪ್ಪಿಟ್ಟು ತಿಂದು, ಸಹಿ ಹಾಕಿ, ಕೇಳಿದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದರೆ ಈಕೆ ಒಬ್ಬಳು ಅದನ್ನು ಮನೆಗೆ ಹೊತ್ತು ತಂದಳು. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನ ಮೇಲೆ ಒಯ್ಯುವಾಗ ತಲೆಗೆ ಹೆಲ್ಮೆಟ್ ಇರಬೇಕು, ಪಟ್ಟಿಯಿಂದ ಮಗುವನ್ನು ಸವಾರನಿಗೆ ಬಿಗಿದಿರಬೇಕು, ವೇಗ ನಲವತ್ತು ದಾಟಬಾರದು. ಇಂಥದೊಂದು ಕಾನೂನು ಇದೆಯೆಂದು ಅವರ ಊರು ಶಹಾಪುರಕ್ಕೆ ಗೊತ್ತಾಗುವ ಮೊದಲೇ ಪಟ್ಟಿ ಪಾರ್ಸಲ್ಲಿನಲ್ಲಿ ಬಂದು ಬಿದ್ದಿತ್ತು.

ಮಗುವನ್ನು ನೋಡಿಕೊಳ್ಳುವ ಅಜ್ಜಿ ದೋರನಹಳ್ಳಿಯ ಮದುವೆಗೆ ಹೋಗಿದ್ದಳು. ಹಾಗಾಗಿ ಮೂರು ವರ್ಷದ ಹಣಮಿಯನ್ನು ಅಪ್ಪನೇ ಭೀಮರಾಯನಗುಡಿ ಕ್ಯಾಂಪಿನ ಅಂಗನವಾಡಿಗೆ ಬಿಟ್ಟು, ಅಲ್ಲೇ ಇದ್ದ ತನ್ನ ಕಾಲುವೆ ಕಚೇರಿಗೆ ಗುಮಾಸ್ತಿಕೆಗೆ ಹೋಗಬೇಕಿತ್ತು. ರೇಣಮ್ಮ ಮಗಳನ್ನು ಗಂಡನ ಬೆನ್ನಿಗೆ ಬಿಗಿದಳು, 'ಟಕ್' ಅನ್ನಿಸಿದಳು, ತನ್ನ ಬಸ್ಸು ಹತ್ತಿ ಹೋದಳು.

ದಾರಿಯುದ್ದಕ್ಕೂ ಅಂಬ್ರಪ್ಪನಿಗೆ ಸಿಕ್ಕ ಗೌರವ ಹೇಳತೀರದು. ಗಂಡ, ಹೆಂಡತಿ, ಮೂರು ಮಕ್ಕಳು, ಮೇಲೊಂದು ಜೋಳದ ಚೀಲ ಹೇರಿಕೊಂಡ ಬೈಕೊಂದು ಅವನನ್ನು ಹಿಂದೆ ಹಾಕಿತು. ಒಂದೇ ಕೈಯಲ್ಲಿ ಗಾಡಿ ನಡೆಸುತ್ತಿದ್ದ ಆ ಗಂಡ ಕೂಗಿ ಕೇಳಿದ: "ಯಾಕ್ರೀ, ಕೂಸು ಓಡಿ ಹೋಗತೈತೇನು?"

ಅಂಗನವಾಡಿಯ ಮುಂದೆ ಇಳಿದಾಗ ಪಟ್ಟಿ ಬಿಚ್ಚಲಿಲ್ಲ. ಅದರ ಲಾಕು ಮಗುವಿನ ಪಕ್ಕದಲ್ಲಿ, ಅಂಬ್ರಪ್ಪನ ಬೆನ್ನ ಹಿಂದೆ. ಅವನಿಗೆ ಕಾಣದು, ಕೈಗೂ ಎಟುಕದು. ಅಂಗನವಾಡಿಯ ಆಯಾ ಅಯ್ಯಮ್ಮ ಲಾಕಿನ ನಡುವೆ ಒತ್ತಿದಳು, ಎಳೆದಳು, ಒಗ್ಗರಣೆ ಎಣ್ಣೆ ಹಚ್ಚಿದಳು. ಎಣ್ಣೆ ಅಂಬ್ರಪ್ಪನ ಬಿಳಿ ಅಂಗಿಯೊಳಗೆ ಇಳಿಯಿತೇ ಹೊರತು ಲಾಕಿನೊಳಗೆ ಇಳಿಯಲಿಲ್ಲ.

"ಕತ್ತರಿ ತರ್ತೀನಿ ತಡೀರಿ."

"ಬ್ಯಾಡ್ರೀ ಅಕ್ಕಾರ!" ಕತ್ತರಿಸಿದ ಪಟ್ಟಿ ಹಿಡಿದು ರೇಣಮ್ಮನ ಎದುರು ನಿಂತ ತನ್ನನ್ನು ಊಹಿಸಿಕೊಂಡು ಅಂಬ್ರಪ್ಪ ಬೆವೆತ.

ಎದುರಿನ ಪಂಕ್ಚರ್ ಅಂಗಡಿಯಿಂದ ಚಾಂದಪಾಶಾ ಇಕ್ಕಳ ಹಿಡಿದು ಓಡಿ ಬಂದ. "ಅರೆ ಅಣ್ಣಾ, ಲಾರಿ ಟಾಯರ್ ಬಿಚ್ಚಾಂವ ನಾನು, ಇದೇನು ಮಹಾ!" ಎಂದು ಅವನು ಎಳೆದ ಎಳೆತಕ್ಕೆ ಅಂಬ್ರಪ್ಪನ ಸೊಂಟ ಲಟಕ್ಕೆಂದಿತು, ಲಾಕು ಮಾತ್ರ ಅಲುಗಲಿಲ್ಲ. "ಮಾಲ್ ಮಜಬೂತ್ ಐತಿ," ಎಂದು ಒಂದು ಸರ್ಟಿಫಿಕೇಟು ಕೊಟ್ಟು ಅವನು ಮರಳಿದ. ಬೆನ್ನ ಮೇಲಿನ ಹಣಮಿಗೆ ಖುಷಿಯೋ ಖುಷಿ.

ಕಚೇರಿಯಲ್ಲಿ ಆ ದಿನವೇ ರೈತರ ಸಭೆ. ಸುರಪುರ ಕಡೆಯ ಕಾಲುವೆಯ ಕೊನೆಯ ಹಳ್ಳಿಯವರು ನೀರು ಬಂದಿಲ್ಲವೆಂದು ಜಗಳಕ್ಕೆ ಬರುವವರಿದ್ದರು. ಹಿಂದಿನ ಸಲ ಬಂದಾಗ ಕುರ್ಚಿ ಮುರಿದಿದ್ದರು. ಕಡತ ಹಿಡಿದು ಸಾಹೇಬರ ಪಕ್ಕ ನಿಲ್ಲಬೇಕಾದವನು ಅಂಬ್ರಪ್ಪ.

"ಸಾಹೇಬ್ರು ಕರಿಯಾಕತ್ತಾರ," ಎಂದು ಅಂಗನವಾಡಿಗೇ ಹುಡುಕಿಕೊಂಡು ಬಂದ ಜೊತೆಯ ಗುಮಾಸ್ತ ಖಂಡಪ್ಪ ಅವನನ್ನು ಕಂಡು ಬಾಯಿ ತೆರೆದ. "ರೈತರು ಹೊಡೀಬಾರ್ದಂತ ಕೂಸು ಕಟ್ಟಿಕೊಂಡು ಬಂದೀಯೇನೋ? ಶಾಣ್ಯಾ ಇದ್ದಿ ಬಿಡು! ನಾ ಹಿಂದಿನ ಸಲ ಬರೇ ಹೆಲ್ಮೆಟ್ ಹಾಕ್ಕೊಂಡಿದ್ದೆ."

ಅಂಬ್ರಪ್ಪ ಒಳಗೆ ಹೋಗುವಷ್ಟರಲ್ಲಿ ಹಣಮಿ ಅಪ್ಪನ ಹೆಗಲಿಗೆ ಹೆಲ್ಮೆಟ್ಟಿನ ತಲೆ ಆನಿಸಿ ನಿದ್ದೆ ಹೋಗಿದ್ದಳು. ಸಾಹೇಬರು ಕಣ್ಣು ಕೆಂಪು ಮಾಡಿದರು. ಬೈಯಲು ಸಮಯವಿರಲಿಲ್ಲ. ಬಾಗಿಲು ದೂಡಿಕೊಂಡು ರೈತರ ಗುಂಪು ನುಗ್ಗಿತು. ಮುಂದಾಳು ಮಲ್ಕಪ್ಪ. ಅವನು ಹೊಲದಲ್ಲಿ ಕೂಗಿದರೆ ಪಕ್ಕದೂರಿನ ಕುರಿಗಳು ತಿರುಗಿ ನೋಡುತ್ತಿದ್ದವು.

"ಏನ್ ಸಾಹೇಬ್ರ!" ಎಂದು ಮಲ್ಕಪ್ಪ ಗುಡುಗಿದ. ಹಣಮಿ ನಿದ್ದೆಯಲ್ಲೇ ಬೆಚ್ಚಿ ತುಟಿ ಸೊಟ್ಟ ಮಾಡಿದಳು.

ಗುಂಪಿನಲ್ಲಿದ್ದ ಮುದುಕಿ ತಿಮ್ಮವ್ವ ಅವನ ಬೆನ್ನಿಗೆ ಒಂದು ಗುದ್ದಿದಳು. "ಸಾವಕಾಶ ಮಾತಾಡೋ ಮಲ್ಕ್ಯಾ! ಕೂಸು ಮಲಗೇತಿ."

ಆಮೇಲೆ ನಡೆದದ್ದು ಆ ಕಚೇರಿ ಎಂದೂ ಕಾಣದ ಜಗಳ. ಮಲ್ಕಪ್ಪ ಮೇಜಿನ ಮೇಲೆ ಮುಷ್ಟಿ ಎತ್ತಿದ, ಮೆಲ್ಲಗೆ ಇಳಿಸಿದ. "ನಮ್ಮ ನೀರು ಎಲ್ಲಿ ಹೋದ್ವು?" ಎಂದು ಪಿಸುಗುಟ್ಟಿದ. ಹಿಂದಿನವರು ಪಿಸುದನಿಯಲ್ಲೇ "ಧಿಕ್ಕಾರ, ಧಿಕ್ಕಾರ" ಎಂದರು. ಹೊರಗಿನಿಂದ ಕೇಳಿದವರಿಗೆ ಯಾರೋ ಜೋಗುಳ ಹಾಡುತ್ತಿದ್ದಾರೆ ಅನ್ನಿಸಬೇಕು. ಸಾಹೇಬರೂ ಪಿಸುದನಿಯಲ್ಲಿ, "ಪರಿಶೀಲನೆಯಲ್ಲಿದೆ, ಸೋಮವಾರ ಬನ್ನಿ," ಎಂದರು. ವರ್ಷಗಟ್ಟಲೆ ಹೇಳಿದ ಅದೇ ಸುಳ್ಳು, ಪಿಸುಗುಟ್ಟಿದಾಗ ಮಾತ್ರ ನಿಜದಂತೆ ಕೇಳಿಸಿತು. ರೈತರು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊರಗೆ ನಡೆದರು.

ಬಾಗಿಲು ಮುಚ್ಚುತ್ತಲೇ ಹಣಮಿ ಎಚ್ಚರಗೊಂಡಳು. ಆಕಳಿಸಿದಳು. ಲಾಕಿನ ಎರಡೂ ಕಡೆ ಬೆರಳಿಟ್ಟು ಒತ್ತಿ, ಟಕ್ಕನೆ ಬಿಚ್ಚಿ, ಅಪ್ಪನ ಬೆನ್ನಿನಿಂದ ಜಾರಿ ಇಳಿದಳು.

ಅಂಬ್ರಪ್ಪ ಗಕ್ಕನೆ ತಿರುಗಿದ. "ಏ ಹಣಮೀ! ನಿಂಗ ಬಿಚ್ಚಾಕ ಬರ್ತೈತೇನ?"

"ಅವ್ವ ತೋರಿಸ್ಯಾಳ."

"ಮತ್ತ ಮುಂಜಾನೆ ಯಾಕ ಬಿಚ್ಚಲಿಲ್ಲ?"

"ಬಿಚ್ಚಿದ್ರ ನೀ ಅಂಗನವಾಡ್ಯಾಗ ಬಿಟ್ಟು ಹೋಗ್ತಿದ್ದಿ."

ದಾರಿಯಲ್ಲಿ ಬೇಕೆನಿಸಿದಾಗ ಅವಳು ಬಿಚ್ಚಿಕೊಂಡಿದ್ದರೆ? ಅಂಬ್ರಪ್ಪ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಾಹೇಬರು ಮಾತ್ರ ಬಹಳ ದಿನಗಳ ನಂತರ ನಗುತ್ತಿದ್ದರು. "ಸೋಮವಾರವೂ ಕರ್ಕೊಂಡು ಬಾ. ಹೀಗೇ ಕಟ್ಕೊಂಡು ಬರಬೇಕು. ಮಲಗಿಸಿಕೊಂಡು ಬಂದರೆ ಇನ್ನೂ ಒಳ್ಳೇದು. ಇದು ಆಫೀಸ್ ಆರ್ಡರ್ ಅಂತ ತಿಳ್ಕೋ."

ಸಂಜೆ ಗೇಟಿನ ಬಳಿ ಮಲ್ಕಪ್ಪ ಕಾಯುತ್ತ ನಿಂತಿದ್ದ. ಒದೆ ಬಿತ್ತೆಂದು ಅಂಬ್ರಪ್ಪ ಕಣ್ಣು ಮುಚ್ಚಿದ. ಮಲ್ಕಪ್ಪ ಬಂದು ಅವನ ಹೆಗಲಿಗೆ ಕೈ ಹಾಕಿದ.

"ಗುಮಾಸ್ತರ, ಈ ಪಟ್ಟಿ ಎಲ್ಲಿ ಸಿಗತೈತ್ರಿ?"

ಅಂಬ್ರಪ್ಪನ ಎದೆ ತುಂಬಿ ಬಂತು. ಇಡೀ ದಿನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಮಕ್ಕಳ ಜೀವದ ಬಗ್ಗೆ ಕೇಳುತ್ತಿದ್ದಾನೆ! "ನಾನs ತರಿಸಿ ಕೊಡ್ತೀನ್ರಿ. ಸಣ್ಣ ಹೆಲ್ಮೆಟ್ಟೂ ಬೇಕಾಗತೈತಿ. ಗಾಡಿ ನಲವತ್ತು ದಾಟಬಾರದು..."

"ಹೆಲ್ಮೆಟ್ ಯಾಕ್ರಿ? ಬರೇ ಪಟ್ಟಿ ಸಾಕು. ಊರ ಗಂಡಸರಿಗೆಲ್ಲ ಒಂದೊಂದು ತರಿಸ್ರಿ. ಸೋಮವಾರ ನಾವೂ ಕೂಸು ಕಟ್ಟಿಕೊಂಡು ಬರ್ತೀವಿ. ನಿಮ್ಮ ಕೂಸು ಮಲಗಿತ್ತು, ನಾವು ಸುಮ್ಮನಾದ್ವಿ. ನಮ್ಮವು ಮಲಗೂದಿಲ್ರಿ, ಚೀರಾಕ ಹತ್ತಿದ್ರ ಕಾಲುವಿ ಒಡೀಬೇಕು. ಕೂಸು ಕಟ್ಟಿಕೊಂಡವರನ್ನ ಯಾವ ಪೊಲೀಸ್ ಮುಟ್ತಾನ, ನೋಡೇಬಿಡೂಣು!"

ಇಷ್ಟು ಹೇಳಿ ಮಲ್ಕಪ್ಪ ಕ್ಯಾಂಪಿನಲ್ಲಿದ್ದ ಮಗಳ ಮನೆಯಿಂದ ಕರೆತಂದ ಎರಡು ಮೊಮ್ಮಕ್ಕಳಲ್ಲಿ ಒಂದನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿದ, ಇನ್ನೊಂದನ್ನು ಹಿಂದಿನ ಸೀಟಿನ ಮೇಲೆ ನಿಲ್ಲಿಸಿ, "ನನ್ನ ರುಮಾಲ ಹಿಡ್ಕೋ," ಎಂದು ಕಿಕ್ಕು ಹೊಡೆದ.

"ಮಲ್ಕಪ್ಪಾರ! ಆ ಕೂಸುಗೋಳನ್ನ ಕಟ್ಟಿಕೊಳ್ರೀ!"

ಮಲ್ಕಪ್ಪ ಹೊರಳಿ ನೋಡಿ ನಕ್ಕ. "ಎಂಥಾ ಹುಚ್ಚರದೀರಿ! ಇದು ರಸ್ತಾ ಅಲ್ರೀ? ಪಟ್ಟಿ ಬೇಕಾಗಿದ್ದು ಆಫೀಸಿಗೆ."