ದೋಣಿಯ ಈಶಾನ್ಯದಲ್ಲಿ ಕುಳಿತಿರುವ ಸೋನಾರ್ ಮಹೋದಯರಿಗೆ

ಮಾನ್ಯ ಲೈವ್ ಸೋನಾರ್ ಟ್ರಾನ್ಸ್‌ಡ್ಯೂಸರ್ ಮಹೋದಯರೇ,

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಎದುರು, ನೀಲಿ ಟಾರ್ಪಾಲಿನ ಕೆಳಗೆ, ನಮ್ಮ ಫೈಬರ್ ದೋಣಿಯ ಮುಂಭಾಗದ ಎಡ ಅಂಚಿನಲ್ಲಿ, ಸ್ಟೀಲ್ ಕೋಲಿನ ತುದಿಗೆ ಕಪ್ಪು ಡಬ್ಬಿಯ ರೂಪದಲ್ಲಿ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಸದರಿ ಜಾಗದಲ್ಲಿ ಈ ಹಿಂದೆ ಕೂರುತ್ತಿದ್ದ ಕಲಾ ಎಂಬ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ನನ್ನ ಗಂಡ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಕನ್ನಡಕದ ಬಟ್ಟೆಯಿಂದ ತಮ್ಮ ಮೈ ಒರೆಸುವುದನ್ನು ಕಣ್ಣಾರೆ ನೋಡುತ್ತಿರುವುದರಿಂದ ತಮ್ಮ ಕ್ಷೇಮದ ಬಗ್ಗೆ ನನಗೆ ಅನುಮಾನವೂ ಇಲ್ಲ. ನಾನು ರಾಜಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮೇಲಿನವರಿಗೆ ನೋವಾಗದಂತೆ, ಕೆಳಗಿನವರಿಗೆ ಅರ್ಥವಾಗದಂತೆ ಪತ್ರ ಬರೆಯುವುದು ನನ್ನ ಉದ್ಯೋಗ. ಈ ಪತ್ರ ಮಾತ್ರ ಎಲ್ಲರಿಗೂ ಅರ್ಥವಾಗಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ಟಾರ್ಪಾಲಿಗೆ ಚುಚ್ಚುತ್ತೇನೆ, ಇನ್ನೊಂದನ್ನು ನಮ್ಮ ಗಾಳದವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ತಮ್ಮ ಮಹಿಮೆಯನ್ನು ಅರಿಯದ ಪಾಮರರು ಇನ್ನೂ ಇರುವುದರಿಂದ ಎರಡು ಮಾತು ಹೇಳಬೇಕು. ತಾವು ನೀರಿನಲ್ಲಿ ಮುಳುಗಿ ನಮ್ಮ ಕಿವಿಗೆ ಕೇಳದ ಶಬ್ದವೊಂದನ್ನು ಕಳಿಸುತ್ತೀರಿ, ಅದು ಮೀನಿಗೆ ತಾಗಿ ಮರಳಿ ಬಂದದ್ದನ್ನು ಹಿಡಿದು, ಆ ಮೀನು ಈ ಗಳಿಗೆಯಲ್ಲಿ ಎಲ್ಲಿ ಬಾಲ ಆಡಿಸುತ್ತಿದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತೀರಿ. ಮುಖ ಯಾವ ಕಡೆಗೆ ತಿರುಗಿದೆಯೋ ಆ ಕಡೆಯದನ್ನು ಮಾತ್ರ ನೋಡುತ್ತೀರಿ. ಈ ಗುಣದಲ್ಲಿ ತಾವು ನನ್ನ ಗಂಡನಿಗೆ ಹತ್ತಿರದ ಸಂಬಂಧಿಗಳೆಂದು ನನಗೆ ಮೊದಲ ದಿನವೇ ಅನ್ನಿಸಿತ್ತು.

ತಾವು ಕೊರಿಯರಿನಲ್ಲಿ ಆಗಮಿಸಿದ ಬೆಳಿಗ್ಗೆ ನಮ್ಮ ಅತ್ತೆ ರಾಮಕ್ಕನವರು, ಮನೆಗೆ ಏನೋ ಬೆಳ್ಳಿ ಸಾಮಾನು ಬಂದಿದೆಯೆಂದು ತಿಳಿದು ಆರತಿ ತಟ್ಟೆ ಹಿಡಿದು ಬಂದರು. ಡಬ್ಬಿ ಬಿಚ್ಚಿದ ಮೇಲೆ "ಇದೇನ್ಲಾ ಸಿದ್ದೇಶ, ಸೋಪಿನ ಪೆಟ್ಟಿಗೆ ಇದ್ದಂಗೈತೆ" ಎಂದರಾದರೂ ಹಚ್ಚಿದ ದೀಪ ದಂಡವಾಗಬಾರದೆಂದು ಆರತಿ ಎತ್ತಿಯೇ ಬಿಟ್ಟರು. ನಾನು ಮದುವೆಯಾಗಿ ಬಂದಾಗ ದೀಪ ಗಾಳಿಗೆ ಆರಿಹೋಗಿತ್ತು, ಯಾರೂ ಮತ್ತೆ ಹಚ್ಚಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ದಾಖಲೆಗೆ ಇರಲೆಂದು ಹೇಳಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ದೋಣಿಯಲ್ಲಿ ಇರುವುದು ಮೂರು ಹಲಗೆ. ಹಿಂದಿನದರಲ್ಲಿ ಮೋಟರಿನ ಪಕ್ಕ ನನ್ನ ಗಂಡ ಸಿದ್ದೇಶ್, ನಡುವೆ ಅವರ ಗೆಳೆಯರೂ ದೋಣಿಯ ಅರ್ಧ ಪಾಲುದಾರರೂ ವಿಜಯನಗರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವರೂ ಆದ ಮುರಳೀಕೃಷ್ಣ, ಮುಂದಿನ ಹಲಗೆಯಲ್ಲಿ ನಾನು. ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆ ಹಿಡಿದು ದೊಡ್ಡ ಕೆರೆಗೆ ಹೋಗಿ, ಅಲ್ಲಿನ ಮೀನು ಗುತ್ತಿಗೆದಾರರ ಒಪ್ಪಿಗೆ ಪಡೆದು, ರಾಗಿ ಹಿಟ್ಟಿಗೆ ಕಡಲೇಕಾಯಿ ಹಿಂಡಿ ಕಲಸಿ ಉಂಡೆ ಕಟ್ಟಿ, ದಾರವನ್ನು ಬೆರಳಿಗೆ ಸುತ್ತಿಕೊಂಡು ನಾನು ಆ ಹಲಗೆಯ ಮೇಲೆ ಕೂತರೆ ಮಧ್ಯಾಹ್ನದ ಸಾರಿಗೆ ಮೀನು ಬಂತೆಂದೇ ಲೆಕ್ಕ. ಮೀನಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಕಚೇರಿಯಲ್ಲಿ ಕುರ್ಚಿ ಕಚೇರಿಯದು, ಮನೆಯಲ್ಲಿ ಅಡುಗೆಮನೆ ಅತ್ತೆಯವರದು, ಮೆಟ್ರೋದಲ್ಲಿ ಸೀಟು ಮೊದಲು ಓಡಿ ಹತ್ತಿದವರದು. ಇಡೀ ವಾರದಲ್ಲಿ ಯಾರೂ "ಸ್ವಲ್ಪ ಸರೀರಿ" ಎನ್ನದ ಜಾಗ ನನಗೆ ಇದ್ದದ್ದು ಆ ಹಲಗೆ ಒಂದೇ.

ಮಹೋದಯರೇ, ಬೀಗರನ್ನು ಎಲ್ಲಿ ಕೂರಿಸುವುದೆಂದು ಛತ್ರದಲ್ಲಿ ಓಡಾಡುವ ಹೆಣ್ಣಿನ ಕಡೆಯವರು ಪಡುವ ಪಾಡನ್ನು ಆ ಇಬ್ಬರು ಗಂಡಸರು ತಮ್ಮ ವಿಷಯದಲ್ಲಿ ಪಟ್ಟರು. ಮೊದಲು ತಮ್ಮನ್ನು ಹಿಂದೆ, ಮೋಟರಿನ ಪಕ್ಕ ಕಟ್ಟಿದರು. ಮೋಟರಿನ ರೆಕ್ಕೆ ಎಬ್ಬಿಸಿದ ನೊರೆಗುಳ್ಳೆಗಳಿಂದ ಪರದೆ ತುಂಬ ಬಿಳಿ ಚುಕ್ಕೆ ಮೂಡಿತು. ಮುರಳೀಕೃಷ್ಣ ಅವರು "ಮಗಾ, ಹಿಂಡು ಕಣೋ! ಇಡೀ ಕೆರೆ ಮೀನೇ ಇಲ್ಲಿದೆ!" ಎಂದು ಕೂಗಿ ಮೋಟರಿನ ನೊರೆಗೆ ಗಾಳ ಹಾಕಿಕೊಂಡು ಒಂದು ಬೆಳಗನ್ನೇ ಕಳೆದರು. ಆಮೇಲೆ ದೋಣಿಯ ತಳಕ್ಕೆ ಕಟ್ಟೋಣವೆಂದರು. ಅಲ್ಲಿಂದ ತಮಗೆ ದೋಣಿಯ ಹೊಟ್ಟೆಯೇ ಕಾಣುತ್ತದೆ, ದಡಕ್ಕೆ ಎಳೆಯುವಾಗ ಕಲ್ಲಿಗೆ ತಮ್ಮ ಮುಖ ತರಚುತ್ತದೆ ಎಂದು ಬಿಟ್ಟರು. ನಡುವೆ ಪಕ್ಕಕ್ಕೆ ಕೋಲು ಹಾಕಿ ಇಳಿಸಿದರೆ ಮುರಳೀಕೃಷ್ಣ ಅವರ ಹುಟ್ಟು ತಮಗೆ ತಗಲುತ್ತಿತ್ತು. ಅವರು ಹುಟ್ಟು ಹಾಕುವುದನ್ನೇ ಬಿಟ್ಟು ತಮ್ಮನ್ನು ಕಾಪಾಡಿದರು, ದೋಣಿ ಗಾಳಿಗೆ ಹೋದತ್ತ ಹೋಯಿತು. ಇಷ್ಟೆಲ್ಲ ಆದರೂ ನನ್ನ ಹಲಗೆ ನನ್ನದಾಗಿಯೇ ಇತ್ತು, ನಾನು ಹಿಂದೆ ತಿರುಗಿ ನೋಡದೆ ಮೀನು ಹಿಡಿಯುತ್ತಿದ್ದೆ.

ಆಗ ಬಂದವರು ವಾಸ್ತು ಪಂಡಿತ ಬಸವಲಿಂಗಪ್ಪನವರು. ಬಸವೇಶ್ವರನಗರದಲ್ಲಿ ಅವರ ಮಾತಿಗೆ ಬಾಗಿಲು ಕೀಳಿಸದ ಮನೆ ಕಡಿಮೆ. ನಮ್ಮ ಮನೆಯಲ್ಲೇ ಗ್ಯಾಸ್ ಒಲೆಯನ್ನು ಮೂಲೆಯಿಂದ ಮೂಲೆಗೆ ಓಡಾಡಿಸಿ, ಕೊನೆಗೆ ಇದ್ದಲ್ಲಿಗೇ ತಂದು ನಿಲ್ಲಿಸಿ ದಕ್ಷಿಣೆ ಪಡೆದವರು. ಅವರು ದಿಕ್ಸೂಚಿ ಹಿಡಿದು ರಸ್ತೆಯಲ್ಲಿ ನಿಂತ ದೋಣಿಗೆ ಪ್ರದಕ್ಷಿಣೆ ಹಾಕಿದರು. ನಮ್ಮ ರಸ್ತೆಯಲ್ಲಿ ದೋಣಿಯನ್ನು ಪೂರ್ವಕ್ಕೆ ಮೂತಿ ಮಾಡಿಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಎದುರು ಮನೆಯವರ ಕಾರು ಹೊರಡುವುದಿಲ್ಲ. ಪೂರ್ವಕ್ಕೆ ಮುಖವಿದ್ದರೆ ಮುಂದಿನ ಎಡ ಅಂಚು ಈಶಾನ್ಯ. "ಈಶಾನ್ಯ ಅಂದ್ರೆ ಗಂಗೆ ಸ್ಥಾನ ಸಾರ್. ನೀರಿಗೆ ಸಂಬಂಧಪಟ್ಟಿದ್ದು ಅಲ್ಲೇ ಕೂರ್ಬೇಕು, ಬೇರೆಲ್ಲೂ ಕೂರಂಗಿಲ್ಲ" ಎಂದು ಅವರು ನನ್ನ ಹಲಗೆಯ ಮೇಲೆ ಬೆರಳಿಟ್ಟರು. ಮಾತು ಮುಗಿಯುವ ಮೊದಲೇ ಮುರಳೀಕೃಷ್ಣ ಅವರ ಡ್ರಿಲ್ ಶುರುವಾಗಿತ್ತು.

ರಸ್ತೆಯಲ್ಲಿ ನಿಂತ ದೋಣಿ ತಿರುಗುವುದಿಲ್ಲ, ಕೆರೆಯಲ್ಲಿರುವ ದೋಣಿ ತಿರುಗುತ್ತದೆ ಎಂಬುದು ಒಬ್ಬ ಪಂಡಿತರಿಗೂ ಇಬ್ಬರು ಪಾಲುದಾರರಿಗೂ ಹೊಳೆಯಲಿಲ್ಲ. ಮುಂದಿನ ಭಾನುವಾರ ನೀರಿಗಿಳಿದು ಪಶ್ಚಿಮಕ್ಕೆ ಹೊರಳಿದ ಕೂಡಲೇ ತಾವು ಈಶಾನ್ಯದಿಂದ ನೈಋತ್ಯಕ್ಕೆ ವರ್ಗವಾದಿರಿ. ನನ್ನ ಗಂಡ ಗಾಬರಿಯಾಗಿ ಕೆರೆಯ ಮಧ್ಯದಿಂದಲೇ ಬಸವಲಿಂಗಪ್ಪನವರಿಗೆ ಫೋನ್ ಮಾಡಿದರು. ಅವರು ಒಂದಿಷ್ಟೂ ವಿಚಲಿತರಾಗದೆ, ಯಂತ್ರ ನಡೆಯುವಷ್ಟು ಹೊತ್ತು ದೋಣಿಯ ಮೂತಿ ಪೂರ್ವಕ್ಕೇ ಇರಲಿ, ಪಶ್ಚಿಮಕ್ಕೆ ಹೋಗಬೇಕಾದರೆ ಯಂತ್ರ ಆರಿಸಿ ಹೋಗಿ ಎಂದು ಅಪ್ಪಣೆ ಕೊಡಿಸಿದರು. ನಮ್ಮ ಕೆರೆಯಲ್ಲಿ ಮೀನಿರುವುದು ಪಶ್ಚಿಮದ ದಡದಲ್ಲಿ, ಮುಳುಗಿದ ಜಾಲಿ ಮರಗಳ ಬುಡದಲ್ಲಿ. ಹೀಗಾಗಿ ಆವತ್ತಿನಿಂದ ತಮ್ಮನ್ನು ಆರಿಸಿಕೊಂಡು ಪಶ್ಚಿಮಕ್ಕೆ ಹೋಗುವುದು, ಜಾಲಿ ಮರಗಳಿಗೆ ಬೆನ್ನು ಮಾಡುವುದು, ಪೂರ್ವದ ಖಾಲಿ ನೀರನ್ನು ತಮ್ಮ ಮೂಲಕ ದರ್ಶನ ಮಾಡುವುದು ನಡೆದಿದೆ. ಬೆನ್ನ ಹಿಂದೆ ಗೆಂಡೆ ಮೀನು ದಪದಪ ಎಗರಿದರೆ ನನ್ನ ಗಂಡ ತಿರುಗದೆಯೇ "ಶ್, ಸದ್ದು ಮಾಡ್ಬೇಡ" ಎನ್ನುತ್ತಾರೆ, ನನಗೆ.

ನನ್ನ ಸ್ಥಳಾಂತರವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. "ಕಲಾ, ಸ್ವಲ್ಪ ಹಿಂದಕ್ಕೆ ಕೂತ್ಕೋತೀಯಾ, ಅದರ ಕೋಲು ತಿರುಗಿಸ್ಬೇಕು" ಎಂದರು, ನಡುವಿಗೆ ಬಂದೆ. ನಡುವೆ ತಮ್ಮ ಪರದೆಗೆ ಜಾಗ ಬೇಕಾಯಿತು, ತಮ್ಮ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಕೂತೆ. ಪೆಟ್ಟಿಗೆಗೆ ಭಾರ ಬೀಳುತ್ತದೆಂದರು, ತಿಂಡಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯ ತಳದಲ್ಲಿ ಕೂತೆ. ಅಲ್ಲಿಂದ ದಾರ ಬಿಟ್ಟರೆ ಅದು ಪರದೆಯ ಮೇಲೆ ಗೀಟಾಗಿ ಮೂಡಿ ಚಿತ್ರ ಕೆಡುತ್ತದಂತೆ. "ಆಂಟಿ, ದಯವಿಟ್ಟು ಗಾಳ ಎತ್ಕೊಳ್ಳಿ, ಮೀನು ಸರಿಯಾಗಿ ಕಾಣಿಸ್ತಿಲ್ಲ" ಎಂದರು ನನಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮುರಳೀಕೃಷ್ಣ ಅವರು. ಮೀನು ಕಾಣಿಸಲೆಂದು ಮೀನು ಹಿಡಿಯುವುದನ್ನು ನಿಲ್ಲಿಸಿದ ದೋಣಿ ನಮ್ಮದೊಂದೇ ಇರಬೇಕು. ಕಡೆಗೆ ಕಾರು ಕಾಯುವ ಜವಾಬ್ದಾರಿ ನೀಡಿ ನನ್ನನ್ನು ದಡದಲ್ಲೇ ಇಳಿಸಿ ಹೋದರು. ಅವತ್ತು ನನಗೆ ಅಳು ಬಂತು, ಮಹೋದಯರೇ. ಕಾರು ಕಾಯಲು ಗುಮಾಸ್ತೆ ಬೇಕೆ?

ಇತ್ತ ಮನೆಗೆ ಮೀನು ಬರುವುದು ನಿಂತಿತು. ಬದಲಿಗೆ ಮೀನಿನ ವಿಡಿಯೋ ಬರತೊಡಗಿತು. ತಮ್ಮ ಪರದೆಯಲ್ಲಿ ಓಡಾಡಿದ ಚುಕ್ಕೆಗಳನ್ನು ನನ್ನ ಗಂಡ ಫೋನಿನಲ್ಲಿ ಹಿಡಿದು ತಂದು, ಮಸಾಲೆ ರುಬ್ಬಿಟ್ಟುಕೊಂಡು ಕೂತಿದ್ದ ತಾಯಿಗೆ ತೋರಿಸಿ, "ನೋಡಮ್ಮ, ಇದು ಕಾಟ್ಲಾ, ಇದು ಜಿಲೇಬಿ" ಎಂದು ಬೆರಳಿಟ್ಟು ಹೇಳಿದರು. ರಾಮಕ್ಕನವರು ಪೂರ್ತಿ ನೋಡಿದರು. "ಸರಿ ಕಣಪ್ಪ, ಇದನ್ನ ಯಾವ ಪಾತ್ರೇಲಿ ಬೇಯಿಸ್ಲಿ?" ಎಂದರು. ರುಬ್ಬಿದ ಮಸಾಲೆ ಬದನೆಕಾಯಿಯ ಪಾಲಾಯಿತು.

ಈಗ ತಮ್ಮ ಮೇಲಿರುವ ಗಂಭೀರ ಆರೋಪಕ್ಕೆ ಬರುತ್ತೇನೆ. ಕಳೆದ ಭಾನುವಾರ ತಮ್ಮ ಪರದೆಯಲ್ಲಿ ದೊಡ್ಡ ಕಾಟ್ಲಾ ಒಂದು ಕಾಣಿಸಿಕೊಂಡು, ಬಹಳ ಹೊತ್ತು ಸುಳಿದಾಡಿ, ಇದ್ದಕ್ಕಿದ್ದಂತೆ ನೇರ ಮೇಲಕ್ಕೆ ಹೋಗಿ ಮಾಯವಾಯಿತು. ಯಂತ್ರ ಮೀನನ್ನು ಕಳೆದುಹಾಕುತ್ತಿದೆ, ಬದಲಿಸಿ ಕೊಡಿ ಎಂದು ತಮ್ಮನ್ನು ಹೆತ್ತ ಕಂಪನಿಗೆ ದೂರು ಕೊಡಲು ಪಾಲುದಾರರು ತೀರ್ಮಾನಿಸಿದ್ದಾರೆ. "ನೀನು ಆಫೀಸಲ್ಲಿ ಬರೀತೀಯಲ್ಲ, ಅದೇ ಥರ ಖಡಕ್ಕಾಗಿ ಒಂದು ಲೆಟರ್ ಬರ್ಕೊಡು" ಎಂದು ನನ್ನ ಗಂಡ ಕೇಳಿದ್ದಾರೆ. ಸತ್ಯ ಗೊತ್ತಿದ್ದೂ ನಿರಪರಾಧಿಯ ಮೇಲೆ ದೂರು ಬರೆಯಲು ನನ್ನ ಕೈ ಬರಲಿಲ್ಲ.

ಸತ್ಯವೇನೆಂದರೆ, ಅವತ್ತು ನಾನು ಕಾರು ಕಾಯಲಿಲ್ಲ. ದಡದಲ್ಲಿ ಗುತ್ತಿಗೆದಾರರ ಕಡೆಯ ಮುನಿಲಕ್ಷ್ಮಮ್ಮ ಎಂಬುವರು ಬಿದಿರಿನ ದುಂಡನೆಯ ತೆಪ್ಪವೊಂದನ್ನು ನೀರಿಗೆ ತಳ್ಳುತ್ತಿದ್ದರು. ನನ್ನ ಮೋರೆ ನೋಡಿ "ಯಾಕಕ್ಕ, ಮನೇವ್ರು ಬುಟ್ಟೋದ್ರಾ? ಬಾ ಕೂತ್ಕೋ" ಎಂದರು. ಎಲ್ಲಿ ಕೂರಲಿ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತೆಪ್ಪಕ್ಕೆ ಮೂಲೆಯಿಲ್ಲ, ಈಶಾನ್ಯವಿಲ್ಲ, ಹಲಗೆಯಿಲ್ಲ. ಅವರಷ್ಟಕ್ಕೆ ಅವರು ಗಂಡನನ್ನು ಬೈಯುತ್ತಾ ಹುಟ್ಟು ಹಾಕಿದರು, ನಾನು ನನ್ನವರನ್ನು ಬೈಯುತ್ತಾ ಉಂಡೆ ಕಟ್ಟಿದೆ. ತಾವು ಬೆನ್ನು ತೋರಿದ ಜಾಲಿ ಮರಗಳ ಬುಡದಲ್ಲಿ ನಾಲ್ಕಾರು ಗೆಂಡೆ ಸಿಕ್ಕಿದ ಮೇಲೆ, ನಮ್ಮವರು ಏನು ಮಾಡುತ್ತಿದ್ದಾರೆಂದು ನೋಡುವ ಚಪಲದಿಂದ ದೋಣಿಯ ಮುಂದಕ್ಕೇ ಬಂದೆವು. ಕಲ್ಲೆಸೆದರೆ ತಗಲುವಷ್ಟು ಹತ್ತಿರ. ಆ ಕಾಟ್ಲಾ ನನ್ನ ಉಂಡೆಗೆ ಬಾಯಿ ಹಾಕಿತು, ನಾನು ಎಳೆದೆ, ಮುನಿಲಕ್ಷ್ಮಮ್ಮ ನನ್ನ ಸೊಂಟ ಹಿಡಿದುಕೊಂಡರು, ನೀರು ಚಿಮ್ಮಿತು, ಇಬ್ಬರೂ ಕಿರುಚಿದೆವು. ಅತ್ತ ಇಬ್ಬರು ಗಂಡಸರು ತಲೆ ಎತ್ತಲಿಲ್ಲ. ಬಗ್ಗಿಕೊಂಡು ಪರದೆಯನ್ನು ತಟ್ಟುತ್ತಾ "ಹೋಯ್ತಲ್ಲೋ ಗುರು, ಎಲ್ಲಿಗೆ ಹೋಯ್ತು?" ಎನ್ನುತ್ತಿದ್ದರು. ಹಿಡಿದ ಮೀನನ್ನೆಲ್ಲ ಮುನಿಲಕ್ಷ್ಮಮ್ಮನವರಿಗೇ ಬಿಟ್ಟು, ಅವರಿಬ್ಬರು ದಡ ಸೇರುವ ಮುಂಚೆ ನಾನು ಬಂದು ಕಾರಿನ ಪಕ್ಕ ನಿಂತೆ.

ಆದಕಾರಣ ತಾವು ಮೀನನ್ನು ಕಳೆದುಹಾಕಿಲ್ಲವೆಂದೂ, ಕಂಡದ್ದನ್ನು ಕಂಡಂತೆ, ಅದು ನೀರಿನಿಂದ ಹೊರಬಿದ್ದ ಗಳಿಗೆಯವರೆಗೂ ತೋರಿಸಿದ್ದೀರೆಂದೂ ಈ ಮೂಲಕ ದೃಢೀಕರಿಸುತ್ತೇನೆ. ತಮ್ಮಲ್ಲಿ ದೋಷವಿಲ್ಲ. ತಮ್ಮನ್ನು ಕಟ್ಟಿದ ಜಾಗದಲ್ಲಿ ಸ್ವಲ್ಪ ಇದೆ, ಕಟ್ಟಿದವರಲ್ಲಿ ಉಳಿದದ್ದೆಲ್ಲ ಇದೆ. ಇಂಥ ಪ್ರತಿಭೆಯನ್ನು ಬರೀ ದೋಣಿಗೆ ಸೀಮಿತಗೊಳಿಸುವುದು ನಾಡಿಗೇ ನಷ್ಟವೆಂದು ಭಾವಿಸಿ ಕೆಲವು ಕೋರಿಕೆಗಳನ್ನು ಸಲ್ಲಿಸುತ್ತಿದ್ದೇನೆ. ದಯಮಾಡಿ ಮಳೆ ಬಂದ ಸಂಜೆ ಮಾಗಡಿ ರಸ್ತೆಯ ನೀರಿನೊಳಗೆ ಗುಂಡಿ ಎಲ್ಲಿದೆ, ರಸ್ತೆ ಎಲ್ಲಿದೆ ಎಂದು ತೋರಿಸುವ ಕೆಲಸಕ್ಕೆ ನಿಯೋಜನೆಗೊಳ್ಳಿ. ಬಿಡುವಾದಾಗ ನಮ್ಮ ಮನೆಯ ನೀರಿನ ಸಂಪಿನೊಳಗೆ ಇಳಿದು, ಬರುತ್ತದೆ ಬರುತ್ತದೆ ಎನ್ನುವ ಕಾವೇರಿ ನೀರು ನಿಜವಾಗಿ ಬರುತ್ತಿದೆಯೇ ನೋಡಿ ಹೇಳಿ. ಬಸವಲಿಂಗಪ್ಪನವರ ಹಣೆಗೆ ಒಮ್ಮೆ ಕಟ್ಟಿಸಿಕೊಂಡು ಒಳಗೇನಾದರೂ ಈಜಾಡುತ್ತಿದೆಯೇ ಪರೀಕ್ಷಿಸಿ. ಇದಾವುದೂ ಸಾಧ್ಯವಾಗದಿದ್ದರೆ, ನನ್ನ ಗಂಡನ ಹೆಗಲ ಮೇಲೆ ಕೂತು, ಪಕ್ಕದಲ್ಲಿ ಹೆಂಡತಿ ಎಂಬುವಳು ಇದ್ದಾಳೆಯೋ ಎದ್ದು ಹೋದಳೋ ಎಂಬುದನ್ನಾದರೂ ಆಗಾಗ ತೋರಿಸುವ ಕೃಪೆ ಮಾಡಿ.

ತಮ್ಮ ಕೋಲು ಬಾಗದಿರಲಿ, ತಮ್ಮ ಬ್ಯಾಟರಿ ಇಳಿಯದಿರಲಿ, ಪೂರ್ವ ದಿಕ್ಕಿನಲ್ಲಿ ತಮಗೆ ಸದಾ ಖಾಲಿ ನೀರು ದೊರೆಯಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ, ತಮ್ಮಿಂದ ತೆರವಾದ
ಕಲಾ ಸಿದ್ದೇಶ್
ಗೋವಿಂದರಾಜನಗರ

ತಾ.ಕ.: ಕರಡನ್ನು ಓದಿದ ನನ್ನ ಗಂಡ ಎದ್ದು ಹೋಗಿ ತಮ್ಮನ್ನು ಬಿಚ್ಚಿ ಡಬ್ಬಿಗೆ ಹಾಕಿ ಬಂದು, "ಬಾ ಮಾರಾಯ್ತಿ, ನಿನ್ನ ಹಲಗೆ ಖಾಲಿ ಇದೆ" ಎಂದರು. ಬರುವುದಿಲ್ಲವೆಂದೆ. ಹಾಗಾದರೆ ತೆಪ್ಪದಲ್ಲಿ ತನಗೊಂದು ಜಾಗ ಸಿಗುತ್ತದೆಯೇ ಎಂದು ಕೇಳಿದರು. ಮೌಖಿಕ ಕೋರಿಕೆಗಳನ್ನು ಪರಿಗಣಿಸಲಾಗದು, ಲಿಖಿತದಲ್ಲಿ ಸಲ್ಲಿಸಿ ಎಂದು ತಿಳಿಸಿದ್ದೇನೆ. ಒಳಗೆ ಕೂತು ಬರೆಯುತ್ತಿದ್ದಾರೆ. ಭಾನುವಾರದೊಳಗೆ ಅರ್ಜಿ ಬಂದರೆ ಮುನಿಲಕ್ಷ್ಮಮ್ಮನವರ ಮುಂದಿಡುತ್ತೇನೆ. ಅಲ್ಲಿಯವರೆಗೆ ಕಾರು ಕಾಯಲು ಒಬ್ಬರು ಬೇಕಾಗಿದ್ದಾರೆ.